ಕತ್ತಲಲ್ಲಿ ನಡೆದು ಬರುವವರ ಮುಖ ಕಾಣಬೇಕಾದರೆ ಎಂಥ ಕ್ಯಾಮೆರಾ ಬೇಕು?

ಪ್ರಶ್ನೆ: ನಮ್ಮ ಮನೆಯ ಮುಂಬಾಗಿಲ ಮೇಲಿರುವ ಕ್ಯಾಮೆರಾದಿಂದ ಗೇಟಿಗೆ ಸುಮಾರು 8 ಮೀಟರ್ ದೂರವಿದೆ. ಹಗಲಿನ ಚಿತ್ರದ ಬಗ್ಗೆ ದೂರಿಲ್ಲ. ರಾತ್ರಿಯಾದರೆ ಗೇಟಿನ ಬಳಿ ಇರುವವರು ಮಸುಕು ನೆರಳಿನಂತೆಯೂ, ಬಾಗಿಲ ಹತ್ತಿರ ಬಂದವರು ಮುಖವೇ ಇಲ್ಲದ ಬಿಳಿ ಮುದ್ದೆಯಂತೆಯೂ ಕಾಣುತ್ತಾರೆ. ಹೊಸದನ್ನು ಕೊಳ್ಳಲು ಎರಡು ಕ್ಯಾಮೆರಾಗಳನ್ನು ನೋಡಿಟ್ಟಿದ್ದೇನೆ. ಒಂದು 8 ಮೆಗಾಪಿಕ್ಸೆಲ್‌ನದು, ಬೆಳಕನ್ನು ಹಿಡಿದು ಚಿತ್ರವಾಗಿಸುವ ಸೆನ್ಸರ್ 1/2.8 ಇಂಚು, ಲೆನ್ಸ್ ಎಫ್ 1.6, 0.0005 ಲಕ್ಸ್ ಬೆಳಕಿನಲ್ಲೂ ಬಣ್ಣದ ಚಿತ್ರ ಎಂದು ಬರೆದಿದೆ. ಇನ್ನೊಂದು 4 ಮೆಗಾಪಿಕ್ಸೆಲ್‌ನದು, ಸೆನ್ಸರ್ 1/1.8 ಇಂಚು, ಲೆನ್ಸ್ ಎಫ್ 1.0, ಲಕ್ಸ್ ಮಾತ್ರ 0.002. ಅಂಕಿಗಳನ್ನು ನೋಡಿದರೆ ಮೊದಲನೆಯದೇ ಮೇಲು ಎನಿಸುತ್ತದೆ. ಯಾವುದನ್ನು ಆರಿಸಲಿ?

ಉತ್ತರ: ಎರಡರಲ್ಲಿ ಒಂದನ್ನೇ ಆರಿಸಬೇಕೆಂದಿದ್ದರೆ ಎರಡನೆಯದನ್ನು, ಅಂದರೆ 4 ಮೆಗಾಪಿಕ್ಸೆಲ್‌ನದನ್ನು ಆರಿಸಿ. ಆದರೆ ಇಷ್ಟು ಹೇಳಿ ಬಿಟ್ಟರೆ ನಿಮಗೆ ಅರ್ಧ ಉತ್ತರವನ್ನಷ್ಟೇ ಕೊಟ್ಟಂತಾಗುತ್ತದೆ. ನೀವು ಹೇಳಿರುವ ಎರಡು ತೊಂದರೆಗಳಿಗೆ ಕಾರಣ ಒಂದೇ ಅಲ್ಲ. ಗೇಟಿನ ಬಳಿಯ ನೆರಳಿಗೆ ಬೆಳಕಿನ ಕೊರತೆ, ನಿಧಾನವಾದ ಶಟರ್ (ಒಂದೊಂದು ಚಿತ್ರಕ್ಕೆ ಬೆಳಕನ್ನು ಒಳಬಿಡುವ ಹೊತ್ತು ಹೆಚ್ಚಾಗುವುದು) ಮತ್ತು ಅತಿ ಅಗಲವಾದ ನೋಟ ಈ ಮೂರೂ ಸೇರಿ ಕಾರಣವಾಗಿದ್ದರೆ, ಬಾಗಿಲ ಬಳಿಯ ಬಿಳಿ ಮುದ್ದೆಗೆ ಕ್ಯಾಮೆರಾದ ಒಳಗೇ ಇರುವ, ಕಣ್ಣಿಗೆ ಬಹುತೇಕ ಕಾಣದ ಬೆಳಕು ಚೆಲ್ಲುವ ಇನ್‌ಫ್ರಾರೆಡ್ ದೀಪ ಕಾರಣ. ಎರಡನೆಯ ತೊಂದರೆ ಬರೀ ದುಬಾರಿ ಕ್ಯಾಮೆರಾ ತಂದ ಮಾತ್ರಕ್ಕೆ ಹೋಗುತ್ತದೆ ಎನ್ನಲಾಗದು. ಹಾಗಾಗಿ ಆಯ್ಕೆಯ ಕ್ರಮವನ್ನೇ ಸ್ವಲ್ಪ ಬದಲಿಸಿ, ಮೊದಲು ಬೆಳಕು ಎಲ್ಲಿಂದ ಬರುತ್ತದೆ ಎಂಬುದನ್ನೂ, ನಂತರ ಯಾವ ಜಾಗದಲ್ಲಿ ಮುಖ ಗುರುತು ಸಿಗಬೇಕು ಎಂಬುದನ್ನೂ ತೀರ್ಮಾನಿಸಿಕೊಂಡು, ಕೊನೆಗೆ ಕ್ಯಾಮೆರಾದ ಮಾದರಿಗೆ ಬನ್ನಿ ಎಂಬುದು ನನ್ನ ಸಲಹೆ.

ಮೊದಲಿಗೆ ನಿಮ್ಮನ್ನು ಗೊಂದಲಕ್ಕೆ ದೂಡಿರುವ ಲಕ್ಸ್ ಅಂಕಿಯನ್ನು ನೋಡೋಣ. ಒಂದು ಮೇಲ್ಮೈಯ ಮೇಲೆ ಎಷ್ಟು ಬೆಳಕು ಬೀಳುತ್ತಿದೆ ಎಂಬುದರ ಅಳತೆಯೇ ಲಕ್ಸ್. ನೆತ್ತಿಯ ಮೇಲಿನ ಬಿಸಿಲು ಸುಮಾರು 1,00,000 ಲಕ್ಸ್ ಇದ್ದರೆ, ರಾತ್ರಿ ದೀಪ ಹಾಕಿದ ಕೋಣೆಯಲ್ಲಿ 100 ಲಕ್ಸ್‌ನ ಆಸುಪಾಸು, ಬೀದಿದೀಪದ ಕೆಳಗೆ 5ರಿಂದ 20 ಲಕ್ಸ್, ಹುಣ್ಣಿಮೆಯ ಬೆಳದಿಂಗಳಲ್ಲಿ 0.1ರಿಂದ 0.3 ಲಕ್ಸ್ ಇರುತ್ತದೆ. ಅಮಾವಾಸ್ಯೆಯ ರಾತ್ರಿ ಯಾವ ದೀಪವೂ ಇಲ್ಲದ ಬಯಲಿನಲ್ಲಿ, ಬರೀ ನಕ್ಷತ್ರಗಳ ಬೆಳಕಿನಲ್ಲಿ ಸಿಗುವುದು ಸುಮಾರು 0.001 ಲಕ್ಸ್. 0.0005 ಲಕ್ಸ್ ಎಂದರೆ ಅದರಲ್ಲೂ ಅರ್ಧ. ಬೆಳಕಿಗೆ ಬೇರೆ ಯಾವ ಆಸರೆಯೂ ಇಲ್ಲದೆ, ಅಷ್ಟು ಕತ್ತಲಲ್ಲಿ ನಡೆದುಬರುವ ಮನುಷ್ಯನ ಮುಖವನ್ನು ಮನೆಬಳಕೆಯ ಕ್ಯಾಮೆರಾ ಬಣ್ಣದಲ್ಲಿ ಸ್ಪಷ್ಟವಾಗಿ ತೋರಿಸುವುದು ಆಗದ ಮಾತು.

ಹಾಗಾದರೆ ಪೆಟ್ಟಿಗೆಯ ಮೇಲೆ ಬರೆದದ್ದು ಸುಳ್ಳೇ ಎಂದು ನೀವು ಕೇಳಬಹುದು. ಸುಳ್ಳೆನ್ನಲಾಗದು, ಅರ್ಧ ಹೇಳಿ ಅರ್ಧ ಬಿಟ್ಟ ಮಾತು ಎನ್ನಬಹುದು. ಶಟರ್ ಎಷ್ಟು ಹೊತ್ತು ತೆರೆದಿತ್ತು, ಸೆನ್ಸರಿನ ಸಂಕೇತವನ್ನು ಎಷ್ಟು ಪಟ್ಟು ಹಿಗ್ಗಿಸಲಾಗಿತ್ತು, ಎಂಥ ಚಿತ್ರವನ್ನು ‘ಕಾಣುತ್ತದೆ’ ಎಂದು ಒಪ್ಪಿಕೊಳ್ಳಲಾಯಿತು ಎಂಬ ಮೂರು ಸಂಗತಿಗಳನ್ನು ಹೇಳದೆ ಲಕ್ಸ್ ಅಂಕಿಯನ್ನಷ್ಟೇ ಕೊಟ್ಟರೆ ಅದಕ್ಕೆ ಅರ್ಥವಿಲ್ಲ. ಇವುಗಳಲ್ಲಿ ಶಟರಿನದೇ ದೊಡ್ಡ ಪಾಲು. ಸೆಕೆಂಡಿನ ಮೂರನೇ ಒಂದು ಭಾಗದಷ್ಟು ಹೊತ್ತು ಶಟರ್ ತೆರೆದಿಟ್ಟರೆ, 1/25 ಸೆಕೆಂಡಿಗೆ ಹೋಲಿಸಿದಾಗ ಎಂಟು ಪಟ್ಟಿಗಿಂತ ಹೆಚ್ಚು ಬೆಳಕು ಒಳಗೆ ಬರುತ್ತದೆ. ಕಾಗದದ ಮೇಲಿನ ಲಕ್ಸ್ ಅಂಕಿಯೂ ಅಷ್ಟೇ ಪಟ್ಟು ಕೆಳಗಿಳಿದು ಆಕರ್ಷಕವಾಗಿ ಕಾಣುತ್ತದೆ.

ಅದಕ್ಕೆ ತೆರುವ ಬೆಲೆ ಏನೆಂಬುದನ್ನು ಲೆಕ್ಕ ಹಾಕಿ ನೋಡಿ. ಸಾಧಾರಣ ನಡಿಗೆಯಲ್ಲಿ ಮನುಷ್ಯ ಸೆಕೆಂಡಿಗೆ ಸುಮಾರು 1.4 ಮೀಟರ್ ಸಾಗುತ್ತಾನೆ. ಶಟರ್ 1/3 ಸೆಕೆಂಡು ತೆರೆದಿದ್ದರೆ ಅಷ್ಟರಲ್ಲಿ ಅವನು 47 ಸೆಂಟಿಮೀಟರ್ ಮುಂದೆ ಹೋಗಿರುತ್ತಾನೆ. ಮನುಷ್ಯನ ಮುಖದ ಅಗಲ ಸುಮಾರು 15 ಸೆಂಟಿಮೀಟರ್. ಅಡ್ಡ ಹಾಯ್ದು ಹೋಗುವವನ ಮುಖ ಮೂರು ಮುಖಗಳಷ್ಟು ಅಗಲಕ್ಕೆ ಬಳಿದ ಬಣ್ಣವಾಗುತ್ತದೆಯೇ ಹೊರತು ಅದರಲ್ಲಿ ಕಣ್ಣು, ಮೂಗು ಉಳಿಯುವುದಿಲ್ಲ. 1/25 ಸೆಕೆಂಡಿನಲ್ಲಿ ಈ ಸರಿತ 5.6 ಸೆಂಟಿಮೀಟರಿಗೆ, 1/50ರಲ್ಲಿ 2.8 ಸೆಂಟಿಮೀಟರಿಗೆ ಇಳಿಯುತ್ತದೆ. ಕ್ಯಾಮೆರಾದ ಕಡೆಗೇ ನೇರವಾಗಿ ನಡೆದು ಬರುವವನ ವಿಷಯದಲ್ಲಿ ಸರಿತ ಇನ್ನೂ ಕಡಿಮೆ. ಕಳ್ಳನೋ ಅಪರಿಚಿತನೋ ನಿಮ್ಮ ಅಂಗಳದಲ್ಲಿ ಕದಲದೆ ನಿಂತು ಫೋಟೊ ತೆಗೆಸಿಕೊಳ್ಳುವುದಿಲ್ಲವಾದ್ದರಿಂದ, ರಾತ್ರಿಯ ಕ್ಯಾಮೆರಾವನ್ನು ಅಳೆಯಬೇಕಾದದ್ದು ನಡೆಯುವ ಮನುಷ್ಯನನ್ನು ಇಟ್ಟುಕೊಂಡೇ.

ಇದನ್ನು ನಾನು ಕಣ್ಣಾರೆ ಕಂಡದ್ದು ಒಂದೇ ಗೋಡೆಗೆ ಎರಡು ಕ್ಯಾಮೆರಾಗಳನ್ನು ಅಕ್ಕಪಕ್ಕದಲ್ಲಿ ಕಟ್ಟಿ ಪರೀಕ್ಷಿಸಿದ ಒಂದು ರಾತ್ರಿ. ಮೊದಲನೆಯದರ ಚಿತ್ರ ಎಷ್ಟು ಬೆಳಗಿತ್ತೆಂದರೆ ನೆಲದ ಹಂಚಿನ ಗೆರೆಗಳು, ಕುಂಡದ ಗಿಡದ ಎಲೆಗಳ ಹಸಿರು ಎಲ್ಲವೂ ಎಣಿಸುವಷ್ಟು ಸ್ಪಷ್ಟ. ಎರಡನೆಯದು ಅದರ ಮುಂದೆ ಮಂಕಾಗಿ, ಸ್ವಲ್ಪ ಮರಳು ಮರಳಾಗಿ ಕಾಣುತ್ತಿತ್ತು. ಗೆಳೆಯರೊಬ್ಬರನ್ನು ದಪ್ಪ ಅಕ್ಷರ ಬರೆದ ಹಾಳೆಯೊಂದನ್ನು ಎದೆಯ ಮುಂದೆ ಹಿಡಿದು ಅಂಗಳದಲ್ಲಿ ನಡೆಯುವಂತೆ ಕೇಳಿಕೊಂಡೆ. ರೆಕಾರ್ಡಿಂಗನ್ನು ನಿಲ್ಲಿಸಿ ನೋಡಿದಾಗ ಮೊದಲ ಕ್ಯಾಮೆರಾದಲ್ಲಿ ಅವರ ಕಾಲುಗಳ ಮೂಲಕವೇ ಹಂಚಿನ ಗೆರೆಗಳು ಹಾದುಹೋಗಿರುವುದು ಕಾಣುತ್ತಿತ್ತು. ಹಾಳೆ ಬರೀ ಬಿಳಿಯ ಪಟ್ಟೆಯಾಗಿತ್ತು. ಮಂಕಾಗಿದ್ದ ಎರಡನೆಯದರಲ್ಲಿ ಅಕ್ಷರವನ್ನು ಓದಬಹುದಾಗಿತ್ತು, ಮುಖವನ್ನು ಗುರುತಿಸಬಹುದಾಗಿತ್ತು. ಮಾರಾಟದ ಚಿತ್ರಗಳಲ್ಲಿ ರಾತ್ರಿಯ ಅಂಗಳ ಹಗಲಿನಂತೆ ಹೊಳೆಯುತ್ತಿದ್ದು, ಅದರಲ್ಲಿ ಚಲಿಸುವವರು ಯಾರೂ ಇಲ್ಲದಿದ್ದರೆ, ಆ ಹೊಳಪಿಗೆ ಮರುಳಾಗಬೇಡಿ ಎಂದು ನಾನು ಕೇಳಿಕೊಳ್ಳುವುದು ಈ ಕಾರಣಕ್ಕೆ.

ಇನ್ನು ನೀವು ಕೇಳಿದ ಎರಡು ಮಾದರಿಗಳ ಒಳಗಿನ ವ್ಯತ್ಯಾಸಕ್ಕೆ ಬರುತ್ತೇನೆ. 1/2.8, 1/1.8 ಎಂಬ ಭಿನ್ನರಾಶಿಗಳು ಸೆನ್ಸರಿನ ನಿಜವಾದ ಅಳತೆಗಳಲ್ಲ. ಹಳೆಯ ಕಾಲದ ಕ್ಯಾಮೆರಾ ಕೊಳವೆಗಳ ಹೊರವ್ಯಾಸದಿಂದ ಉಳಿದುಬಂದ ಹೆಸರುಗಳಷ್ಟೇ. ಕೆಳಗಿನ ಅಂಕಿ ಚಿಕ್ಕದಾದಷ್ಟೂ ಸೆನ್ಸರ್ ದೊಡ್ಡದು ಎಂದು ನೆನಪಿಟ್ಟುಕೊಂಡರೆ ಸಾಕು. 1/2.8 ಇಂಚಿನದರ ಕರ್ಣ ಸುಮಾರು 6.4 ಮಿಲಿಮೀಟರ್, 1/1.8 ಇಂಚಿನದರ ಕರ್ಣ ಸುಮಾರು 9 ಮಿಲಿಮೀಟರ್. ಮೊದಲನೆಯದರಲ್ಲಿ 80 ಲಕ್ಷಕ್ಕೂ ಹೆಚ್ಚು ಪಿಕ್ಸೆಲ್‌ಗಳನ್ನು ತುಂಬಿದಾಗ ಒಂದೊಂದರ ಬದಿ ಸುಮಾರು 1.45 ಮೈಕ್ರೊಮೀಟರ್ ಆಗುತ್ತದೆ. ಎರಡನೆಯದರಲ್ಲಿ ಅದರ ಅರ್ಧದಷ್ಟು ಪಿಕ್ಸೆಲ್‌ಗಳಿರುವುದರಿಂದ ಒಂದೊಂದರ ಬದಿ ಸುಮಾರು 2.9 ಮೈಕ್ರೊಮೀಟರ್. ಬದಿ ಎರಡು ಪಟ್ಟಾದರೆ ವಿಸ್ತೀರ್ಣ ನಾಲ್ಕು ಪಟ್ಟು. ಮಳೆಗೆ ಇಟ್ಟ ಪಾತ್ರೆಯ ಬಾಯಿ ಅಗಲವಾದಷ್ಟೂ ನೀರು ಹೆಚ್ಚು ತುಂಬುವಂತೆ, ಅಗಲವಾದ ಪಿಕ್ಸೆಲ್ ಅಷ್ಟೇ ಹೊತ್ತಿನಲ್ಲಿ ಹೆಚ್ಚು ಬೆಳಕನ್ನು ಹಿಡಿಯುತ್ತದೆ.

ಇದರ ಮೇಲೆ ಲೆನ್ಸಿನ ಲೆಕ್ಕ. ಎಫ್ ಅಂಕಿ ಚಿಕ್ಕದಾದಷ್ಟೂ ಲೆನ್ಸಿನ ಬಾಯಿ ದೊಡ್ಡದು, ಮತ್ತು ಬೆಳಕು ಅದರ ವರ್ಗದ ಪ್ರಮಾಣದಲ್ಲಿ ಏರುತ್ತದೆ. ಎಫ್ 1.0 ಲೆನ್ಸ್ ಎಫ್ 1.6ಕ್ಕಿಂತ ಸುಮಾರು ಎರಡೂವರೆ ಪಟ್ಟು, ಎಫ್ 2.0ಕ್ಕಿಂತ ನಾಲ್ಕು ಪಟ್ಟು ಬೆಳಕನ್ನು ಒಳಬಿಡುತ್ತದೆ. ಎರಡನ್ನೂ ಗುಣಿಸಿದರೆ ನಿಮ್ಮ ಎರಡನೆಯ ಕ್ಯಾಮೆರಾದ ಒಂದೊಂದು ಪಿಕ್ಸೆಲ್ ಮೊದಲನೆಯದಕ್ಕಿಂತ ಸುಮಾರು ಹತ್ತು ಪಟ್ಟು ಬೆಳಕು ಪಡೆಯುತ್ತದೆ. 8 ಮೆಗಾಪಿಕ್ಸೆಲ್‌ನ ಚಿತ್ರವನ್ನು ಕುಗ್ಗಿಸಿ ನೋಡಿದರೆ ಈ ಅಂತರದಲ್ಲಿ ಒಂದಷ್ಟು ಭಾಗ ಮರಳಿ ಸಿಗುತ್ತದೆ ಎಂಬುದು ನಿಜ. ಆದರೂ ಐದು ಪಟ್ಟಿನಷ್ಟು ಅಂತರ ಉಳಿದೇ ಉಳಿಯುತ್ತದೆ, ಮತ್ತು ಆ ಐದು ಪಟ್ಟನ್ನು ನೀವು ಶಟರನ್ನು ಚುರುಕುಗೊಳಿಸಲು ಬಳಸಿಕೊಳ್ಳಬಹುದು. 0.002 ಮತ್ತು 0.0005 ಎಂಬ ಎರಡು ಅಂಕಿಗಳು ಹೇಳುವುದಕ್ಕೂ ಭೌತಶಾಸ್ತ್ರ ಹೇಳುವುದಕ್ಕೂ ಇಷ್ಟು ವಿರೋಧವಿರುವಾಗ ನಂಬಬೇಕಾದದ್ದು ಭೌತಶಾಸ್ತ್ರವನ್ನೇ.

8 ಮೆಗಾಪಿಕ್ಸೆಲ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. 1/1.2 ಇಂಚಿನ ಸೆನ್ಸರ್ ಇರುವ 8 ಮೆಗಾಪಿಕ್ಸೆಲ್ ಕ್ಯಾಮೆರಾಗಳೂ ಇವೆ. ಅವುಗಳಲ್ಲೂ ಪಿಕ್ಸೆಲ್ 2.9 ಮೈಕ್ರೊಮೀಟರ್‌ನದೇ ಆಗಿರುತ್ತದೆ. ಚಿಕ್ಕ ಸೆನ್ಸರಿನೊಳಗೆ ಹೆಚ್ಚು ಪಿಕ್ಸೆಲ್‌ಗಳನ್ನು ತುರುಕಿದಾಗ ಮಾತ್ರ ರಾತ್ರಿಯ ಹೊತ್ತು ಅದರ ಪರಿಣಾಮ ಕಾಣಿಸಿಕೊಳ್ಳುತ್ತದೆ. ಹಾಗೆಯೇ ಎಫ್ 1.0 ಲೆನ್ಸಿಗೂ ಒಂದು ಮಿತಿಯಿದೆ: ಅದು ಸ್ಪಷ್ಟವಾಗಿ ಹಿಡಿಯುವ ದೂರದ ವ್ಯಾಪ್ತಿ ಕಡಿಮೆ. ಗೇಟಿಗೆ ಹೊಂದಿಸಿದ ಫೋಕಸ್‌ನಲ್ಲಿ ತೀರ ಎದುರಿಗೆ ಬಂದವರು ತುಸು ಮೃದುವಾಗಿ ಕಾಣಬಹುದು. ಅದು ಒಪ್ಪಿಕೊಳ್ಳಬಹುದಾದ ಕೊರತೆ ಎಂಬುದು ನನ್ನ ಅಭಿಪ್ರಾಯ. ಕೊಳ್ಳುವ ಮುನ್ನ ಇನ್ನೊಂದನ್ನು ಮಾತ್ರ ಖಚಿತಪಡಿಸಿಕೊಳ್ಳಿ. ರಾತ್ರಿಯಿಡೀ ಬಣ್ಣದ ಚಿತ್ರ ಎಂದು ಮಾರಾಟವಾಗುವ ಎಫ್ 1.0 ಕ್ಯಾಮೆರಾಗಳಲ್ಲಿ ಕೆಲವಕ್ಕೆ ಇನ್‌ಫ್ರಾರೆಡ್ ದೀಪವೇ ಇರುವುದಿಲ್ಲ. ಇರುವುದು ಬಿಳಿ ದೀಪ ಮಾತ್ರ. ನಿಮಗೆ ಎರಡೂ ಇರುವ, ಬೇಕಾದದ್ದನ್ನು ಆರಿಸಿಕೊಳ್ಳಲು ಬಿಡುವ ಮಾದರಿಯೇ ಒಳ್ಳೆಯದು.

ಈಗ ಬಿಳಿ ಮುದ್ದೆಯ ವಿಷಯ. ಸಂಜೆ ಮಬ್ಬಾಗುವ ಹೊತ್ತಿಗೆ ಕ್ಯಾಮೆರಾದ ಹತ್ತಿರ ನಿಂತರೆ ‘ಟಿಕ್’ ಎಂಬ ಸಣ್ಣ ಸದ್ದು ಕೇಳಿಸುತ್ತದೆ. ಸೆನ್ಸರಿನ ಮುಂದಿದ್ದ ಇನ್‌ಫ್ರಾರೆಡ್ ತಡೆಯುವ ಗಾಜು ಪಕ್ಕಕ್ಕೆ ಸರಿದ ಸದ್ದು ಅದು. ಆ ಕ್ಷಣದಿಂದ ಚಿತ್ರ ಕಪ್ಪು-ಬಿಳುಪಾಗುತ್ತದೆ, ಲೆನ್ಸಿನ ಸುತ್ತಲಿನ ಇನ್‌ಫ್ರಾರೆಡ್ ದೀಪಗಳು ಹೊತ್ತಿಕೊಳ್ಳುತ್ತವೆ. ಈ ದೀಪದ ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುತ್ತದೆ. ಗೇಟಿನ ಬಳಿ 8 ಮೀಟರ್ ದೂರದಲ್ಲಿದ್ದ ವ್ಯಕ್ತಿ ಬಾಗಿಲ ಹತ್ತಿರ 2 ಮೀಟರಿಗೆ ಬಂದಾಗ ದೂರ ನಾಲ್ಕನೇ ಒಂದಾಗುತ್ತದೆ, ಅವನ ಮುಖದ ಮೇಲೆ ಬೀಳುವ ಬೆಳಕು ಹದಿನಾರು ಪಟ್ಟಾಗುತ್ತದೆ. ಕ್ಯಾಮೆರಾ ಇಡೀ ಚಿತ್ರದ ಸರಾಸರಿ ಕತ್ತಲನ್ನು ನೋಡಿ ತನ್ನ ಸಂವೇದನೆಯನ್ನು ಏರಿಸಿಕೊಂಡು ಕುಳಿತಿರುವಾಗ ಈ ಹದಿನಾರು ಪಟ್ಟು ಬೆಳಗಿದ ಮುಖ ಸುಣ್ಣ ಬಳಿದ ಗೋಡೆಯಂತಾಗುವುದು ಸಹಜ. ಹತ್ತಿರ ಬಂದವರಿಗೆ ತಕ್ಕಂತೆ ದೀಪವನ್ನು ತಾನೇ ತಗ್ಗಿಸಿಕೊಳ್ಳುವ ‘ಸ್ಮಾರ್ಟ್ ಐಆರ್’ (ಐಆರ್ ಎಂದರೆ ಇನ್‌ಫ್ರಾರೆಡ್) ಎಂಬ ವ್ಯವಸ್ಥೆ ಈಗಿನ ಬಹುತೇಕ ಒಳ್ಳೆಯ ಕ್ಯಾಮೆರಾಗಳಲ್ಲಿದೆ. ಕೆಲವು ಕಡೆ ಅದು ಸೆಟಿಂಗ್‌ನಲ್ಲಿ ಆಫ್ ಆಗಿರುತ್ತದೆ, ಹಳೆಯ ಕ್ಯಾಮೆರಾದಲ್ಲೂ ಒಮ್ಮೆ ಹುಡುಕಿ ನೋಡಿ. ಪೆಟ್ಟಿಗೆಯ ಮೇಲೆ ‘ಐಆರ್ 30 ಮೀಟರ್’ ಎಂದಿದ್ದರೆ, ಅಷ್ಟು ದೂರದಲ್ಲಿ ಏನೋ ಇದೆ ಎಂಬುದು ತಿಳಿಯುತ್ತದೆ ಎಂದಷ್ಟೇ ಅದರ ಅರ್ಥ, ಯಾರೆಂದು ತಿಳಿಯುತ್ತದೆ ಎಂದಲ್ಲ.

ಇನ್‌ಫ್ರಾರೆಡ್ ದೀಪಗಳಲ್ಲಿ 850 ನ್ಯಾನೊಮೀಟರ್ ಮತ್ತು 940 ನ್ಯಾನೊಮೀಟರ್ ಎಂದು ಎರಡು ಬಗೆಯಿವೆ. ಮೊದಲನೆಯದು ಕತ್ತಲಲ್ಲಿ ಮಂದವಾದ ಕೆಂಪು ಚುಕ್ಕೆಗಳಾಗಿ ಕಣ್ಣಿಗೆ ಕಾಣುತ್ತದೆ. ಎರಡನೆಯದು ಕಾಣುವುದೇ ಇಲ್ಲವಾದರೂ, ಆ ತರಂಗಾಂತರಕ್ಕೆ ಸೆನ್ಸರ್‌ಗಳ ಸಂವೇದನೆ ಬಹಳ ಕಡಿಮೆಯಿರುವುದರಿಂದ ದೀಪದ ವ್ಯಾಪ್ತಿಯೂ ಕುಗ್ಗುತ್ತದೆ. ಅಂಗಳಕ್ಕೆ 850ರದೇ ಸರಿ. ಕೆಂಪು ಚುಕ್ಕೆ ಕಂಡರೆ ಇಲ್ಲಿ ಕ್ಯಾಮೆರಾ ಇದೆ ಎಂದು ಬಂದವನಿಗೆ ಗೊತ್ತಾಗುತ್ತದೆ, ಮನೆಯ ಮಟ್ಟಿಗೆ ಅದು ಒಳ್ಳೆಯದೇ.

ಇನ್‌ಫ್ರಾರೆಡ್‌ನಲ್ಲಿ ಬಟ್ಟೆಯ ಬಣ್ಣವನ್ನು ನಂಬಬೇಡಿ. ನಮ್ಮ ಕಣ್ಣಿಗೆ ಕಪ್ಪಾಗಿ ಕಾಣುವ ಎಷ್ಟೋ ಬಟ್ಟೆಗಳ ಬಣ್ಣ ಇನ್‌ಫ್ರಾರೆಡ್ ಬೆಳಕನ್ನು ಹೀರುವುದಿಲ್ಲ. ಕಪ್ಪು ಜಾಕೆಟ್ ತೊಟ್ಟವನು ಚಿತ್ರದಲ್ಲಿ ತಿಳಿಬೂದು ಅಂಗಿಯವನಾಗಿ ಕಾಣುತ್ತಾನೆ, ಗಿಡದ ಎಲೆಗಳು ಹಿಮ ಬಿದ್ದಂತೆ ಬಿಳುಪಾಗುತ್ತವೆ. ವಾಹನದ ನಂಬರ್ ಪ್ಲೇಟು ಬೆಳಕನ್ನು ಬಂದ ದಾರಿಯಲ್ಲೇ ಹಿಂದಿರುಗಿಸುವಂಥದ್ದಾದರೆ ಅಂಕಿಗಳೇ ಕಾಣದಷ್ಟು ಹೊಳೆಯುತ್ತದೆ. ನಂಬರ್ ಪ್ಲೇಟ್ ಓದಬೇಕೆಂದಿದ್ದರೆ ಅದಕ್ಕೇ ಮೀಸಲಾದ, ಚುರುಕು ಶಟರಿನ ಬೇರೊಂದು ಕ್ಯಾಮೆರಾ ಬೇಕು; ಮುಖಕ್ಕೂ ಪ್ಲೇಟಿಗೂ ಒಂದೇ ಕ್ಯಾಮೆರಾವನ್ನು ಹೊಂದಿಸಲು ಹೋಗಿ ಎರಡನ್ನೂ ಕಳೆದುಕೊಂಡವರನ್ನು ನಾನು ಬಹಳ ನೋಡಿದ್ದೇನೆ.

ಲೆನ್ಸಿನ ಪಕ್ಕದಲ್ಲೇ ದೀಪ ಇರುವುದರಿಂದ ಬರುವ ಇನ್ನೊಂದು ಕಾಟ ಜೇಡನದು. ಕ್ಯಾಮೆರಾದ ಬಳಿ ಜೇಡ ಬಲೆ ಕಟ್ಟುತ್ತದೆ, ಲೆನ್ಸಿನ ಮುಂದೆ ಎಳೆದ ಒಂದೇ ಒಂದು ನೂಲು ರಾತ್ರಿ ಬೆಳಗಿ ಇಡೀ ಚಿತ್ರಕ್ಕೆ ಬಿಳಿ ತೆರೆ ಎಳೆಯುತ್ತದೆ. ಸೂರಿನ ಅಂಚು, ಪಕ್ಕದ ಗೋಡೆ, ಬಳ್ಳಿಯ ಎಲೆ ಯಾವುದೇ ಆಗಲಿ, ದೀಪದ ಬೆಳಕಿಗೆ ಅಡ್ಡ ಬಂದರೆ ಇದೇ ಆಗುತ್ತದೆ. ಹತ್ತಿರದ ಆ ಹೊಳಪಿಗೆ ಹೊಂದಿಕೊಂಡ ಕ್ಯಾಮೆರಾ ದೂರದ ಗೇಟನ್ನು ಕತ್ತಲಿಗೆ ತಳ್ಳುತ್ತದೆ. ಕಿಟಕಿಯ ಗಾಜಿನ ಹಿಂದೆ ಇಟ್ಟರಂತೂ ಗಾಜು ತನ್ನದೇ ದೀಪವನ್ನು ಕನ್ನಡಿಯಂತೆ ಹಿಂದಿರುಗಿಸುತ್ತದೆ. ಗುಮ್ಮಟದಂಥ ಮುಚ್ಚಳವಿರುವ ಡೋಮ್ ಕ್ಯಾಮೆರಾಗಳಲ್ಲಿ ಮುಚ್ಚಳದ ಮೇಲಿನ ಧೂಳು, ಗೀರು, ಮಳೆಹನಿ ಇವೆಲ್ಲ ರಾತ್ರಿ ಹೊಳೆಯುವುದರಿಂದ, ಕೈಗೆಟುಕದ ಎತ್ತರದಲ್ಲಿ ಕೂರಿಸುವುದಾದರೆ ನಾನು ಉದ್ದ ಕೊಳವೆಯಂಥ ಬುಲೆಟ್ ಅಥವಾ ಗುಮ್ಮಟದ ಮುಚ್ಚಳವಿಲ್ಲದ ಗುಂಡನೆಯ ಟರೆಟ್ ಆಕಾರದವನ್ನೇ ಸೂಚಿಸುತ್ತೇನೆ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಮುಖ್ಯ ಸಲಹೆಯನ್ನು ನೇರವಾಗಿ ಹೇಳುತ್ತೇನೆ: ಗೇಟಿನ ಬಳಿ ರಾತ್ರಿಯಿಡೀ ಉರಿಯುವ ಒಂದು ಸಣ್ಣ ಎಲ್‌ಇಡಿ ದೀಪ ಹಾಕಿಸಿ. ಮುಖದ ಮೇಲೆ 5ರಿಂದ 10 ಲಕ್ಸ್ ಬೆಳಕು ಬಿದ್ದರೆ ಸಾಕು, ದೊಡ್ಡ ಸೆನ್ಸರಿನ ಕ್ಯಾಮೆರಾ 1/50 ಸೆಕೆಂಡಿನ ಶಟರಿನಲ್ಲಿ ಬಣ್ಣದ, ಗುರುತು ಸಿಗುವ ಚಿತ್ರ ಕೊಡುತ್ತದೆ. ಬೆಳದಿಂಗಳ 0.2 ಲಕ್ಸ್‌ಗೂ ದೀಪದ 5 ಲಕ್ಸ್‌ಗೂ ಇಪ್ಪತ್ತೈದು ಪಟ್ಟು ವ್ಯತ್ಯಾಸವಿದೆ. ಯಾವ ಕ್ಯಾಮೆರಾದಿಂದ ಯಾವ ಕ್ಯಾಮೆರಾಕ್ಕೆ ಹೋದರೂ ಅಷ್ಟು ದೊಡ್ಡ ನೆಗೆತ ಸಿಗುವುದು ಕಷ್ಟ. ದೀಪ ಕ್ಯಾಮೆರಾದ ನೋಟದೊಳಗೆ ನೇರವಾಗಿ ಹೊಳೆಯಬಾರದು. ಬಂದವರ ಬೆನ್ನ ಹಿಂದೆ ಇರಬಾರದು, ಇದ್ದರೆ ಮುಖ ನೆರಳಿಗೆ ಹೋಗುತ್ತದೆ. ಗೇಟು ದಾಟಿ ಒಳಬರುವವರ ಮುಖಕ್ಕೆ ಓರೆಯಾಗಿ, ಮುಂದಿನಿಂದ ಬೀಳುವಂತೆ, ನೆರೆಮನೆಯವರ ಕಿಟಕಿಗೆ ಹೊಡೆಯದಂತೆ ಮುಚ್ಚಳವುಳ್ಳ ದೀಪವನ್ನು ಕೆಳಮುಖವಾಗಿ ಕೂರಿಸಿ.

ಯಾರಾದರೂ ಬಂದಾಗ ಮಾತ್ರ ಹೊತ್ತಿಕೊಳ್ಳುವ ದೀಪ ಸಾಲದೇ ಎಂದು ಹಲವರು ಕೇಳುತ್ತಾರೆ. ಬಂದವರನ್ನು ಬೆಚ್ಚಿಬೀಳಿಸಲು ಅದು ಒಳ್ಳೆಯದು. ಆದರೆ ಕತ್ತಲಿಗೆ ಹೊಂದಿಕೊಂಡಿದ್ದ ಕ್ಯಾಮೆರಾ ಥಟ್ಟನೆ ಬಂದ ಬೆಳಕಿಗೆ ಮತ್ತೆ ಹೊಂದಿಕೊಳ್ಳಲು ತುಸು ಹೊತ್ತು ಬೇಕು, ಕಪ್ಪು-ಬಿಳುಪಿನಿಂದ ಬಣ್ಣಕ್ಕೆ ತಿರುಗಲು ಇನ್ನಷ್ಟು ಹೊತ್ತು ಬೇಕು. ದೀಪ ಹೊತ್ತಿದ ಕೂಡಲೇ ಮನುಷ್ಯ ತಲೆಯೆತ್ತಿ ನೋಡುವ ಆ ಒಂದು ಕ್ಷಣವೇ ಮುಖ ಸಿಗುವ ಕ್ಷಣ; ಅದು ಬೆಳಗಿ ಬಿಳಿಚಿಕೊಂಡ ಚೌಕಟ್ಟುಗಳಲ್ಲಿ ಕಳೆದುಹೋಗುವುದನ್ನು ನೋಡಿ ನಾನು ನೊಂದುಕೊಂಡದ್ದುಂಟು. ಮಂದವಾದರೂ ಸದಾ ಇರುವ ಬೆಳಕು ವಾಸಿ. ದೀಪ ಹಾಕಲು ಆಗುವುದೇ ಇಲ್ಲವೆಂದಾದರೆ, ಕ್ಯಾಮೆರಾದಿಂದ ಒಂದೆರಡು ಮೀಟರ್ ದೂರದಲ್ಲಿ, ಗೇಟಿನ ಕಡೆಗೆ ತಿರುಗಿಸಿದ ಪ್ರತ್ಯೇಕ ಇನ್‌ಫ್ರಾರೆಡ್ ದೀಪ ಇಟ್ಟು ಕ್ಯಾಮೆರಾದ ದೀಪವನ್ನು ಆರಿಸಿಬಿಡಿ. ಬಿಳಿ ಮುದ್ದೆಯೂ ಜೇಡನ ನೂಲಿನ ಕಾಟವೂ ಎರಡೂ ಬಹುಮಟ್ಟಿಗೆ ತಗ್ಗುತ್ತವೆ.

ಮುಂದಿನದು ನೋಟದ ಅಗಲ. ಇಲ್ಲಿ ಒಂದು ಅಂತರರಾಷ್ಟ್ರೀಯ ಮಾನದಂಡ ನೆರವಿಗೆ ಬರುತ್ತದೆ. ಐಇಸಿ 62676-4ರ 2014ರ ಆವೃತ್ತಿಯ ಪ್ರಕಾರ, ದೃಶ್ಯದಲ್ಲಿ ಪ್ರತಿ ಮೀಟರ್ ಅಗಲಕ್ಕೆ 25 ಪಿಕ್ಸೆಲ್ ಇದ್ದರೆ ಯಾರೋ ಇದ್ದಾರೆ ಎಂಬುದು ತಿಳಿಯುತ್ತದೆ. 125 ಇದ್ದರೆ ಪರಿಚಿತರನ್ನು ಗುರುತು ಹಿಡಿಯಬಹುದು. ಅಪರಿಚಿತರನ್ನು ಇಂಥವರೇ ಎಂದು ಖಚಿತವಾಗಿ ಹೇಳಲು 250 ಬೇಕು. ಮನೆಗೆ ಸಾಮಾನ್ಯವಾಗಿ ಹಾಕುವ ಅಗಲ ಲೆನ್ಸಿನ ನೋಟ ಸುಮಾರು 105 ಡಿಗ್ರಿ. ಅಂಥದ್ದರಲ್ಲಿ 8 ಮೀಟರ್ ದೂರದ ಗೇಟಿನ ಬಳಿ ಕ್ಯಾಮೆರಾ ಸುಮಾರು 21 ಮೀಟರ್ ಅಗಲದ ದೃಶ್ಯವನ್ನು ನೋಡುತ್ತಿರುತ್ತದೆ. ಅಡ್ಡಕ್ಕೆ 2560 ಪಿಕ್ಸೆಲ್ ಇರುವ 4 ಮೆಗಾಪಿಕ್ಸೆಲ್ ಚಿತ್ರದಲ್ಲಿ ಮೀಟರಿಗೆ ಸಿಗುವುದು 122. 3840 ಪಿಕ್ಸೆಲ್ ಇರುವ 8 ಮೆಗಾಪಿಕ್ಸೆಲ್‌ನಲ್ಲಿಯೂ 184 ಮಾತ್ರ. ಅಂದರೆ ಅಗಲ ಲೆನ್ಸ್ ಹಾಕಿದರೆ ನಿಮ್ಮ ಎರಡೂ ಕ್ಯಾಮೆರಾಗಳು ಗೇಟಿನ ಬಳಿ ಸೋಲುತ್ತವೆ, ಅದೂ ಹಗಲಿನಲ್ಲೇ. ಅದೇ 4 ಮೆಗಾಪಿಕ್ಸೆಲ್ ಕ್ಯಾಮೆರಾವನ್ನು 50 ಡಿಗ್ರಿ ನೋಟದ ಲೆನ್ಸಿನೊಂದಿಗೆ ತಂದರೆ ಗೇಟಿನ ಬಳಿಯ ದೃಶ್ಯ ಏಳೂವರೆ ಮೀಟರ್ ಅಗಲಕ್ಕೆ ಇಳಿದು, ಮೀಟರಿಗೆ 340ಕ್ಕೂ ಹೆಚ್ಚು ಪಿಕ್ಸೆಲ್ ಸಿಗುತ್ತದೆ. ಕೊಳ್ಳುವಾಗ ಲೆನ್ಸಿನ ಮಿಲಿಮೀಟರ್ ಕೇಳಬೇಡಿ, ಅಡ್ಡ ನೋಟದ ಡಿಗ್ರಿ ಎಷ್ಟೆಂದು ಕೇಳಿ. ಒಂದೇ ಮಿಲಿಮೀಟರಿನ ಲೆನ್ಸ್ ಚಿಕ್ಕ ಸೆನ್ಸರಿನಲ್ಲಿ ಕಿರಿದಾಗಿಯೂ ದೊಡ್ಡ ಸೆನ್ಸರಿನಲ್ಲಿ ಅಗಲವಾಗಿಯೂ ನೋಡುತ್ತದೆ. ನೆಲದಿಂದ ಎರಡೂವರೆಯಿಂದ ಮೂರು ಮೀಟರ್ ಎತ್ತರ ಸಾಕು. ಇನ್ನೂ ಮೇಲಕ್ಕೆ ಹೋದರೆ ಹತ್ತಿರ ಬಂದವರ ನೆತ್ತಿಯೇ ಕಾಣುತ್ತದೆ, ಟೋಪಿ ಹಾಕಿದ್ದರೆ ಅದೂ ಇಲ್ಲ.

ಸೆಟಿಂಗ್‌ಗಳ ಬಗ್ಗೆ ಸಂಕ್ಷೇಪವಾಗಿ ಹೇಳುತ್ತೇನೆ. ರಾತ್ರಿಯ ಶಟರ್ 1/25 ಅಥವಾ 1/30 ಸೆಕೆಂಡಿಗಿಂತ ನಿಧಾನಕ್ಕೆ ಹೋಗದಂತೆ ಮಿತಿ ಹಾಕಿ. ‘ಸ್ಲೋ ಶಟರ್’ ಎಂಬುದಿದ್ದರೆ ಆಫ್ ಮಾಡಿ. ಮರಳು ಮರಳಾದ ಚುಕ್ಕೆಗಳನ್ನು ಒರೆಸುವ ಡಿಎನ್‌ಆರ್ ಮಧ್ಯಮ ಮಟ್ಟದಲ್ಲಿರಲಿ, ಅತಿಯಾದರೆ ನಡೆಯುವವರ ಹಿಂದೆ ದೆವ್ವದಂಥ ನೆರಳು ಎಳೆದುಕೊಂಡು ಬರುತ್ತದೆ. ಡಬ್ಲ್ಯೂಡಿಆರ್ ಬಿಸಿಲು-ನೆರಳಿಗೆ ಬೇಕೇ ಹೊರತು ಕತ್ತಲಿಗಲ್ಲ. ಶಟರನ್ನು ಬೇರೆ ಬೇರೆ ಅವಧಿಗೆ ತೆರೆದು ತೆಗೆದ ಚಿತ್ರಗಳನ್ನು ಬೆಸೆಯುವ ಆ ವಿಧಾನ ರಾತ್ರಿ ಚಿತ್ರವನ್ನು ಕೆಡಿಸುವುದೇ ಹೆಚ್ಚು. ಬಿಟ್‌ರೇಟನ್ನು, ಅಂದರೆ ಪ್ರತಿ ಸೆಕೆಂಡಿನ ವಿಡಿಯೊಗೆ ಕೊಡುವ ದತ್ತಾಂಶದ ಪ್ರಮಾಣವನ್ನು, ಜಿಪುಣತನದಿಂದ ಇಳಿಸಬೇಡಿ: ಕತ್ತಲಿನ ಚಿತ್ರದಲ್ಲಿ ಕುಣಿಯುವ ಚುಕ್ಕೆಗಳನ್ನೂ ಚಲನೆ ಎಂದೇ ಭಾವಿಸಿ ವಿಡಿಯೊವನ್ನು ಕುಗ್ಗಿಸಿಡುವ ಎಚ್.265 ವಿಧಾನ ಅವುಗಳಿಗೆ ಬಿಟ್‌ಗಳನ್ನು ವ್ಯಯಿಸುವುದರಿಂದ ಮುಖಕ್ಕೆ ಉಳಿಯುವುದು ಚೌಕ ಚೌಕದ ಮಸುಕು ಮಾತ್ರ. ದೀಪದ ಬೆಳಕಿನಲ್ಲಿ ಪಟ್ಟೆಗಳು ಹರಿದಾಡುವಂತೆ ಕಂಡರೆ ವಿದ್ಯುತ್ತಿಗೆ ತಕ್ಕಂತೆ 50 ಅಥವಾ 60 ಹರ್ಟ್ಸ್ ಆಯ್ಕೆಯನ್ನು ಸರಿಪಡಿಸಿ. ಹಗಲು ಚೊಕ್ಕವಾಗಿದ್ದು ರಾತ್ರಿ ಮಾತ್ರ ಮಸುಕಾದರೆ, ಇನ್‌ಫ್ರಾರೆಡ್ ಬೆಳಕು ಲೆನ್ಸಿನಲ್ಲಿ ತುಸು ಬೇರೆ ಜಾಗಕ್ಕೆ ಕೂಡಿಕೊಳ್ಳುವುದು ಕಾರಣವಿರಬಹುದು. ಫೋಕಸ್ ಹೊಂದಿಸಲು ಆಗುವಂಥದ್ದಾದರೆ ರಾತ್ರಿಯ ಹೊತ್ತಿನಲ್ಲೇ ಹೊಂದಿಸಿ.

ಬ್ಯಾಟರಿಯ ಕ್ಯಾಮೆರಾಗಳನ್ನು ಈ ಕೆಲಸಕ್ಕೆ ನಾನು ಸೂಚಿಸುವುದಿಲ್ಲ. ಅವು ಶಾಖದ ಚಲನೆಯನ್ನು ಕಂಡ ಮೇಲೆ ಎಚ್ಚರಗೊಳ್ಳುತ್ತವೆ. ಎಚ್ಚರಗೊಳ್ಳುವಷ್ಟರಲ್ಲಿ ಗೇಟಿನ ಬಳಿಯ ಮುಖ ಬೆನ್ನಾಗಿರಬಹುದು. ತಂತಿ ಎಳೆದು, ನಿರಂತರ ರೆಕಾರ್ಡಿಂಗ್ ಇಡಿ.

ಕೊನೆಯದಾಗಿ, ಗೋಡೆಗೆ ತೂತು ಕೊರೆಯುವ ಮುನ್ನ, ಮತ್ತು ಕ್ಯಾಮೆರಾವನ್ನು ಹಿಂದಿರುಗಿಸಬಹುದಾದ ಅವಧಿ ಮುಗಿಯುವ ಮುನ್ನ, ಚಂದ್ರನಿಲ್ಲದ ಒಂದು ರಾತ್ರಿ ಅದನ್ನು ಏಣಿಗೋ ಕಿಟಕಿಯ ಸರಳಿಗೋ ತಾತ್ಕಾಲಿಕವಾಗಿ ಕಟ್ಟಿ ನೋಡಿ. ಮನೆಯವರೊಬ್ಬರು ಗೇಟು ತೆರೆದು, ಮಾಮೂಲಿ ನಡಿಗೆಯಲ್ಲಿ ಬಾಗಿಲವರೆಗೆ ಬರಲಿ; ಆಮೇಲೆ ಅಂಗಳವನ್ನು ಅಡ್ಡಲಾಗಿ ಬೇಗ ಬೇಗ ದಾಟಲಿ. ಫೋನಿನಲ್ಲಿ ಆ ಕ್ಷಣದ ನೇರ ಚಿತ್ರವನ್ನು ನೋಡಿ ತೃಪ್ತಿಪಡಬೇಡಿ. ಉಳಿಸಿಟ್ಟ ರೆಕಾರ್ಡಿಂಗನ್ನು ದೊಡ್ಡ ಪರದೆಯಲ್ಲಿ ತೆರೆದು, ಗೇಟಿನಲ್ಲಿ ಒಮ್ಮೆ, ನಡುದಾರಿಯಲ್ಲಿ ಒಮ್ಮೆ, ಬಾಗಿಲಲ್ಲಿ ಒಮ್ಮೆ ನಿಲ್ಲಿಸಿ, ಆ ವ್ಯಕ್ತಿಯನ್ನು ಅರಿಯದವರಿಗೂ ಮುಖಲಕ್ಷಣ ತಿಳಿಯುವಂತಿದೆಯೇ ಎಂದು ನೋಡಿ. ಗೇಟಿನಲ್ಲಿ ಮಸುಕಾಗಿದ್ದರೆ ಶಟರನ್ನು ಒಂದು ಹಂತ ಚುರುಕುಗೊಳಿಸಿ, ದೀಪವನ್ನು ಒಂದು ಹಂತ ಹೆಚ್ಚಿಸಿ, ಮತ್ತೆ ನಡೆಸಿ. ಎಲ್ಲವೂ ಸರಿಹೋದ ಮೇಲೆ ಹಳೆಯ ಕ್ಯಾಮೆರಾವನ್ನು ಎಸೆಯಬೇಡಿ. ಅದರ ಅಗಲ ನೋಟ ಬಾಗಿಲ ಆಸುಪಾಸಿನ ಅಂಗಳವನ್ನು ಒಟ್ಟಾಗಿ ನೋಡಲು ಈಗಲೂ ಸಾಕು, ಗೇಟಿನ ಕೆಲಸವನ್ನು ಹೊಸದು ನೋಡಿಕೊಳ್ಳಲಿ.